ಅರಮನೆ ರಂಗಮಂದಿರದಲ್ಲಿ ಫ್ರೆಂಚ್ ಹಾಸ್ಯ ಒಪೆರಾ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಯುರೋಪಿನ ಹಳೆಯ ಅರಮನೆ ರಂಗಮಂದಿರಗಳಲ್ಲಿ ಹದಿನೆಂಟನೇ ಶತಮಾನದ ಫ್ರೆಂಚ್ ಹಾಸ್ಯ ಒಪೆರಾಗಳನ್ನು ಇಂದು ಹೇಗೆ ಆಡಿಸುತ್ತಾರೆ ಎಂದು ಕೇಳಿ ಬಂದ ಪತ್ರಗಳಿಂದ ಆಯ್ದ ಪ್ರಶ್ನೆಗಳಿವು.

ಪ್ರಶ್ನೆ: ಬಿಝೆಯ ‘ಕಾರ್ಮೆನ್’ ಕೂಡ ಮಾತು, ಹಾಡು ಬೆರೆತ ಒಪೆರಾ ಕಾಮಿಕ್ ಆಗಿಯೇ ಹುಟ್ಟಿದ್ದು ಎಂದು ಓದಿದ್ದೇನೆ. ಅಂಥ ಜನಪ್ರಿಯ ಕೃತಿಯನ್ನು ಬಿಟ್ಟು, ಅರಮನೆ ರಂಗಮಂದಿರದವರು ಯಾರೂ ಕೇಳದ ಹಳೆಯ ಕೃತಿಗಳನ್ನೇ ಯಾಕೆ ಹುಡುಕುತ್ತಾರೆ?

ಹುಟ್ಟಿದ್ದು ಹಾಗೇ, 1875ರಲ್ಲಿ, ಪ್ಯಾರಿಸ್ಸಿನಲ್ಲಿ. ಆದರೆ ಟ್ರಂಬೋನು, ದೊಡ್ಡ ಕೋರಸ್, ಮೇಲೊಂದು ಮಕ್ಕಳ ತಂಡ ಇಷ್ಟನ್ನೂ ಅರಮನೆಯ ಸಣ್ಣ ರಂಗಮಂದಿರದಲ್ಲಿ ಕೂರಿಸುವುದು ಎಲ್ಲಿ? ಕೃತಿ ಆರಿಸುವವರು ಮೊದಲು ನೋಡುವುದು ಕಥೆಯನ್ನಲ್ಲ, ರಂಗದ ಮುಂದೆ ವಾದ್ಯದವರು ಕೂರುವ ಜಾಗವನ್ನು. ಕಮಾನು ಎಳೆಯುವ ಪಿಟೀಲುಗಾರನಿಗೆ ಒಂದು ಚದರ ಮೀಟರಿಗಿಂತ ತುಸು ಹೆಚ್ಚು ಜಾಗ ಬೇಕು, ಡಬಲ್ ಬಾಸ್‌ಗೆ ಇನ್ನೂ ಹೆಚ್ಚು. ಹೀಗೆ ಲೆಕ್ಕ ಹಾಕಿದರೆ ಇಪ್ಪತ್ತರಿಂದ ಇಪ್ಪತ್ತೈದು ಮಂದಿ ಹಿಡಿಸುತ್ತಾರೆ. ಮೊದಲ ಪಿಟೀಲು ನಾಲ್ಕು, ಎರಡನೆಯ ಪಿಟೀಲು ನಾಲ್ಕು, ವಯೋಲ ಎರಡು, ಚೆಲ್ಲೊ ಮೂರು, ಬಾಸ್ ಒಂದು. ಗಾಳಿವಾದ್ಯಗಳಾದ ಕೊಳಲು, ಓಬೋ, ಬಸೂನ್, ಹಾರ್ನ್ ತಲಾ ಎರಡು. ಹದಿನೆಂಟನೇ ಶತಮಾನದ ಒಪೆರಾ ರಚನಕಾರರಾದ ಗ್ರೆಟ್ರಿ, ಮೊನ್ಸಿನ್ಯಿ ಬರೆದದ್ದು ಹೆಚ್ಚುಕಡಿಮೆ ಇಂಥ ಮೇಳಕ್ಕೇ.

ಮೊದಲ ಸಲ ಕೈ ಹಾಕುವವರಿಗೆ ನಮ್ಮ ಆಯ್ಕೆ ಗ್ರೆಟ್ರಿಯ ‘ಝೆಮೀರ್ ಎ ಅಝೋರ್’. ಸಾಹಿತ್ಯ ಮಾರ್ಮೊಂಟೆಲ್‌ನದು, ಮೊದಲ ಪ್ರಯೋಗ 1771ರ ನವೆಂಬರ್ 9ರಂದು ಫ್ರಾನ್ಸಿನ ಫೊಂತೆನ್‌ಬ್ಲೋ ಅರಮನೆಯಲ್ಲಿ. ಸುಂದರಿ ಮತ್ತು ಮೃಗದ ಕಥೆಯಾದ್ದರಿಂದ ನೋಡುಗರಿಗೆ ದಾರಿ ತಪ್ಪುವ ಭಯವಿಲ್ಲ. ಆರು ಮುಖ್ಯ ಪಾತ್ರ, ನಾಲ್ಕು ಅಂಕ. ಬಿರುಗಾಳಿ, ಮಾಯದ ಅರಮನೆ, ವ್ಯಾಪಾರಿಯ ಮನೆ, ಕಾಡುಗವಿ ಎಂದು ದೃಶ್ಯ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಹಳೆಯ ರಂಗಯಂತ್ರಕ್ಕೆ ಕೈತುಂಬ ಕೆಲಸ. ಇನ್ನೂ ಚಿಕ್ಕದು ಬೇಕೆಂದರೆ 1752ರಲ್ಲಿ ಅದೇ ಫೊಂತೆನ್‌ಬ್ಲೋದಲ್ಲಿ ಆಡಿದ ರೂಸೊನ ‘ಲ ದೆವಾನ್ ದ್ಯು ವಿಲಾಝ್’ ಇದೆ: ಒಂದೇ ಅಂಕ, ಮೂವರು ಗಾಯಕರು, ಒಂದು ಸಣ್ಣ ಕೋರಸ್. ಅದರಲ್ಲಿ ಮಾತಿನ ಭಾಗವಿಲ್ಲ, ಎಲ್ಲವೂ ಹಾಡೇ. ಗ್ರೆಟ್ರಿಯ ‘ರಿಷಾರ್ ಕೂರ್ ದ ಲಿಯೋನ್’ (1784) ಆಕರ್ಷಕವೇನೋ ಹೌದು. ಅದರ ‘ಓ ರಿಷಾರ್, ಓ ಮೊನ್ ರ್‌ವಾ’ ಹಾಡನ್ನು 1789ರ ಅಕ್ಟೋಬರ್ 1ರಂದು ವರ್ಸೈ ಅರಮನೆಯ ಒಪೆರಾ ಭವನದಲ್ಲೇ ರಾಜನ ಅಂಗರಕ್ಷಕರ ಔತಣದಲ್ಲಿ ಹಾಡಿ, ಕ್ರಾಂತಿಯ ಹೊತ್ತಿನ ಪ್ಯಾರಿಸ್ಸಿನ ಸಿಟ್ಟಿಗೆ ತುಪ್ಪ ಸುರಿದಂತಾಯಿತು. ಆದರೆ ಕೊನೆಯಲ್ಲಿ ಕೋಟೆಯ ಮೇಲೆ ದಾಳಿ ಇದೆ. ಜನ ಹೆಚ್ಚು, ಓಡಾಟ ಹೆಚ್ಚು. ಅನುಭವಿ ತಂಡಕ್ಕೆ ಬಿಡುವುದು ಒಳ್ಳೆಯದು.

ಪ್ರಶ್ನೆ: ಪರದೆ ಬೀಳದೆಯೇ ಕಣ್ಣೆದುರೇ ಕಾಡು ಹೋಗಿ ಅರಮನೆ ಬರುತ್ತದಂತೆ. ರಂಗದ ಎರಡೂ ಬದಿಗೆ ನಿಂತ ಚಿತ್ರಪಟಗಳು, ಅಂದರೆ ಸೈಡ್‌ವಿಂಗ್‌ಗಳೆಲ್ಲ ಒಟ್ಟಿಗೆ ಸರಿಯುವುದು ಹೇಗೆ? ಅದು ಕೈಕೊಡುವುದಿಲ್ಲವೆ?

ಕೈಕೊಡುತ್ತದೆ. ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇವೆ.

ಸ್ವೀಡನ್ನಿನ ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರ ಇದಕ್ಕೆ ಒಳ್ಳೆಯ ಉದಾಹರಣೆ. ಕಟ್ಟಿದವರು ಆಡೆಲ್‌ಕ್ರಾಂಟ್ಸ್, ಯಂತ್ರ ಕೂರಿಸಿದವರು ಡೊನಾಟೊ ಸ್ಟೋಪಾನಿ, ತೆರೆದದ್ದು 1766ರಲ್ಲಿ. 1792ರಲ್ಲಿ ಮೂರನೆಯ ಗುಸ್ತಾವ್ ದೊರೆಯ ಕೊಲೆಯಾದ ಮೇಲೆ ಅದು ಮರೆತುಹೋಯಿತು. 1921ರಲ್ಲಿ ರಂಗ ಇತಿಹಾಸಕಾರ ಆಗ್ನೆ ಬೇಯರ್ ಒಳಹೊಕ್ಕು ನೋಡಿದಾಗ ಯಂತ್ರವೂ ಚಿತ್ರಿಸಿದ ದೃಶ್ಯಪಟಗಳೂ ಧೂಳಿನಡಿ ಹಾಗೇ ಇದ್ದವು.

ರಂಗದ ನೆಲದಲ್ಲಿ ಎರಡೂ ಬದಿಗೆ ಉದ್ದುದ್ದ ಸೀಳುಗಳಿವೆ. ನೆಲಮಾಳಿಗೆಯಲ್ಲಿ ಹಳಿಯ ಮೇಲೆ ಓಡುವ ಮರದ ಗಾಡಿಗಳು. ಗಾಡಿಯಿಂದೆದ್ದ ಚೌಕಟ್ಟು ಸೀಳಿನ ಮೂಲಕ ಮೇಲೆ ಬರುತ್ತದೆ, ಅದಕ್ಕೆ ಚಿತ್ರದ ವಿಂಗ್ ತೂಗುಹಾಕುತ್ತಾರೆ. ಒಂದೊಂದು ಸ್ಥಾನಕ್ಕೂ ಜೋಡಿ ಗಾಡಿ: ಒಂದು ಒಳಗೆ ಬಂದಾಗ ಇನ್ನೊಂದು ಹೊರಗೆ ಹೋಗುವಂತೆ ಹಗ್ಗ ಕಟ್ಟಿರುತ್ತದೆ. ಎಲ್ಲ ಹಗ್ಗಗಳೂ ಒಂದೇ ದಿಂಡಿಗೆ ಸುತ್ತಿರುವುದರಿಂದ, ಕೆಳಗೆ ನಾಲ್ಕಾರು ಮಂದಿ ದೊಡ್ಡ ತಿರುಗಣೆಯನ್ನು ತಳ್ಳಿದರೆ ಕೆಲವೇ ಸೆಕೆಂಡಿನಲ್ಲಿ ಇಡೀ ಲೋಕ ಬದಲು.

ಮೊದಲ ತೊಂದರೆ ಹಗ್ಗದ್ದು. ಸೆಣಬಿನ ಜಾತಿಯ ನಾರಿನ ಹಗ್ಗ ತೇವ ಕುಡಿದರೆ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದರೆ ಸಡಿಲವಾಗುತ್ತದೆ. ಬೆಳಿಗ್ಗೆ ಸಾಲಾಗಿ ನಿಂತ ವಿಂಗ್‌ಗಳು ಮಳೆ ಬಂದ ಸಂಜೆ ಒಂದು ಅಂಗೈ ಮುಂದೆ, ಒಂದು ಅಂಗೈ ಹಿಂದೆ. ಆದ್ದರಿಂದ ಬಿಗಿ ನೋಡುವುದು ಪ್ರಯೋಗದ ದಿನ ಮಧ್ಯಾಹ್ನ, ಹಿಂದಿನ ರಾತ್ರಿಯಲ್ಲ. ಹಗ್ಗಕ್ಕೂ ಹಳಿಗೂ ಬಣ್ಣದ ಗುರುತು ಹಾಕಿಟ್ಟರೆ ತಪ್ಪು ತಟ್ಟನೆ ಕಣ್ಣಿಗೆ ಬೀಳುತ್ತದೆ.

ಎರಡನೆಯದು ಸೀಳಿನೊಳಗೆ ಬೀಳುವ ಕಸ. ಒಂದು ಹೇರ್‌ಪಿನ್, ಉಡುಪಿನಿಂದ ಉದುರಿದ ಒಂದು ಮಣಿ ಗಾಡಿಯ ಗಾಲಿಗೆ ಸಿಕ್ಕಿದರೆ ಒಂದು ವಿಂಗ್ ನಿಲ್ಲುತ್ತದೆ, ಉಳಿದವು ಓಡುತ್ತವೆ, ಹಗ್ಗ ಹರಿಯುತ್ತದೆ. ಚೂರು ಕಾಗದ ಎರಚುವುದು, ಮಿಂಚುಪುಡಿ, ಒಣ ಎಲೆ ಇವೆಲ್ಲ ಇಂಥ ರಂಗದಲ್ಲಿ ನಿಷಿದ್ಧ. ನಿರ್ದೇಶಕರು ಎಷ್ಟೇ ಗೋಗರೆದರೂ ಒಪ್ಪಬಾರದು.

ಮೂರನೆಯದು ವೇಗ. ಉತ್ಸಾಹದಲ್ಲಿ ಜೋರಾಗಿ ತಳ್ಳಿ ಗಕ್ಕನೆ ನಿಲ್ಲಿಸಿದರೆ ವಿಂಗ್‌ನ ಮೇಲ್ತುದಿ ಓಲಾಡಿ ಕ್ಯಾನ್ವಾಸ್ ಮೊಳೆಯ ಹತ್ತಿರ ಹರಿಯುತ್ತದೆ. ಮೆಲ್ಲಗೆ ಶುರು, ನಡುವೆ ಬಿರುಸು, ಕೊನೆಯ ಮೊಳದಲ್ಲಿ ಮತ್ತೆ ಮೆಲ್ಲಗೆ. ತಾಲೀಮಿನ ಕ್ರಮವೂ ಹಾಗೇ: ಮೊದಲು ಬರಿ ಗಾಡಿ, ಆಮೇಲೆ ವಿಂಗ್ ತೂಗಿಸಿ, ಆಮೇಲೆ ಸಂಗೀತದೊಂದಿಗೆ, ಕಟ್ಟಕಡೆಗೆ ಗಾಯಕರನ್ನು ರಂಗದ ಮೇಲೆ ನಿಲ್ಲಿಸಿ. ಎರಡೂ ಬದಿಗೆ ಒಬ್ಬೊಬ್ಬ ಕಾವಲು ಇರಬೇಕು. ಗೌನಿನ ಅಂಚು ಸೀಳಿನ ಮೇಲಿದೆ ಎಂದು ಕಂಡರೆ ‘ನಿಲ್ಲಿ’ ಎನ್ನುವ ಹಕ್ಕು ಅವರಿಗಿರಬೇಕು, ಮೇಳ ನಡೆಸುವ ಕಂಡಕ್ಟರನ್ನೂ ಕೇಳದೆ. ಆ ಕಾಲದಲ್ಲಿ ಯಂತ್ರದವರಿಗೆ ಸೂಚನೆ ಹೋಗುತ್ತಿದ್ದುದು ಸಿಳ್ಳೆಯಿಂದ. ಈಗ ಸಣ್ಣ ದೀಪ ಅಥವಾ ಹೆಡ್‌ಸೆಟ್.

ದೃಶ್ಯಪಟಗಳಿಗೆ ಇಂದು ಬಳಸುವುದು ನಕಲುಗಳನ್ನು. ಮೂಲ ಪಟಗಳನ್ನು ಎತ್ತಿಟ್ಟಿದ್ದಾರೆ.

ಪ್ರಶ್ನೆ: ಆ ಕಾಲದ ವಾತಾವರಣಕ್ಕಾಗಿ ನಿಜವಾದ ಮೇಣದಬತ್ತಿ ಹಚ್ಚಬಾರದೆ?

ಬೇಡವೇ ಬೇಡ. ವರ್ಸೈನ ಒಪೆರಾ ಭವನ ನೋಡಲು ಅಮೃತಶಿಲೆಯದೆನಿಸಿದರೂ ಒಳಗೆಲ್ಲ ಮರ. ಶಿಲೆಯಂತೆ ಬಣ್ಣ ಬಳಿದದ್ದು. ಡ್ರಾಟ್ನಿಂಗ್‌ಹೋಮ್‌ನಲ್ಲಿ ಈಗಿನ ಕಟ್ಟಡಕ್ಕೆ ಮೊದಲು ಇದ್ದ ರಂಗಮಂದಿರ 1762ರಲ್ಲಿ ಪ್ರಯೋಗ ನಡೆಯುತ್ತಿರುವಾಗಲೇ ಸುಟ್ಟುಹೋಯಿತು. ಪ್ಯಾರಿಸ್ಸಿನ ಒಪೆರಾ ಕಾಮಿಕ್ ರಂಗಮಂದಿರಕ್ಕೆ 1887ರ ಮೇ 25ರಂದು ಗ್ಯಾಸ್ ದೀಪದಿಂದ ಬೆಂಕಿ ಹತ್ತಿ 84 ಮಂದಿ ಸತ್ತರು.

ಬದಲಿಗೆ ಮಿನುಗುವ ಎಲ್‌ಇಡಿ ಬತ್ತಿಗಳಿವೆ. ಎಲ್ಲವೂ ಒಂದೇ ಲಯದಲ್ಲಿ ಮಿನುಗಿದರೆ ಮದುವೆ ಮಂಟಪದ ಸರದೀಪದಂತಿರುತ್ತದೆ. ಒಂದೊಂದೂ ತನ್ನಷ್ಟಕ್ಕೆ ನಡುಗುವಂತಿರಬೇಕು. ಬಣ್ಣ ಹಳದಿ-ಕೆಂಪಿನ ಕಡೆಗೆ, 2000 ಕೆಲ್ವಿನ್ ಆಸುಪಾಸು. ವಿಂಗ್‌ಗಳ ಹಿಂದೆ ಒಂದರ ಮೇಲೊಂದರಂತೆ, ಮುಂಭಾಗದಲ್ಲಿ ಸಾಲಾಗಿ ಇಡುತ್ತಾರೆ. ಕತ್ತಲು ಬೇಕೆಂದಾಗ ವಿಂಗ್ ದೀಪದ ಕಂಬವನ್ನು ಆ ಕಡೆ ತಿರುಗಿಸುವ ಹಳೆಯ ಉಪಾಯ ಡಿಮ್ಮರಿಗಿಂತ ಸುಂದರ. ಬೆಳಕು ಕಡಿಮೆಯಿರುವುದರಿಂದ ಕಡುನೀಲಿ, ಕಂದು ಉಡುಪು ಮಾಯವಾಗುತ್ತದೆ. ತಿಳಿಬಣ್ಣ, ರೇಷ್ಮೆ, ಜರಿ ಕಾಣುತ್ತದೆ. ಪ್ರೇಕ್ಷಕರ ಕಡೆಯ ದೀಪಗಳನ್ನು ಪೂರ್ತಿ ಆರಿಸಬೇಡಿ. ಆ ಕಾಲದಲ್ಲಿ ಸಭಾಂಗಣ ಬೆಳಗಿಕೊಂಡೇ ಇರುತ್ತಿತ್ತು, ಹಾಸ್ಯಕ್ಕೆ ಅದು ಬೇಕು ಕೂಡ: ಪಕ್ಕದವರು ನಗುವುದು ಕಂಡರೆ ನಗು ಹರಡುತ್ತದೆ.

ಪ್ರಶ್ನೆ: ಸ್ಪಾಟ್‌ಲೈಟನ್ನಾದರೂ ಬಾಲ್ಕನಿಗೆ ಬಿಗಿಯಬಹುದೆ?

ಇಲ್ಲ. ಮೊಳೆ, ತಿರುಪು, ಕ್ಲ್ಯಾಂಪ್ ಯಾವುದೂ ಇಲ್ಲ. ರಂಗದವರು ಬಳಸುವ ಅಂಟುಪಟ್ಟಿ, ಗ್ಯಾಫರ್ ಟೇಪ್ ಕೂಡ ಕಿತ್ತಾಗ ಚಿನ್ನದ ರೇಕನ್ನು ಜೊತೆಗೇ ಎಬ್ಬಿಸುತ್ತದೆ. ತಳದಲ್ಲಿ ತೂಕವಿಟ್ಟು ಸ್ವತಂತ್ರವಾಗಿ ನಿಲ್ಲುವ ಕಂಬಗಳು, ಕಾಲಡಿಗೆ ದಪ್ಪ ಫೆಲ್ಟ್, ಗೋಡೆಯಿಂದ ಒಂದು ಮೊಳ ದೂರ. ಅನುವಾದ ತೋರಿಸುವ ಪರದೆಗೂ ಇದೇ ನಿಯಮ: ರಂಗದ ಕಮಾನಿಗೆ ತೂಗುಹಾಕದೆ ಎರಡು ಬದಿಗೆ ನಿಲ್ಲಿಸಿ. ತಂಡ ಒಳಬರುವ ಮೊದಲೂ ಹೊರಟ ಮೇಲೂ ಪ್ರತಿ ಮೂಲೆಯ ಫೋಟೊ ತೆಗೆದಿಟ್ಟರೆ ಆಮೇಲೆ ಜಗಳವಿಲ್ಲ.

ಪ್ರಶ್ನೆ: ಹಳೆಯ ಶ್ರುತಿಯಲ್ಲೇ ಹಾಡಬೇಕೆ? ಮಾತಿನ ಭಾಗ ಬಹಳ ಉದ್ದ ಎನ್ನುತ್ತಾರೆ, ಕತ್ತರಿಸಬಹುದೆ?

ಶ್ರುತಿಯನ್ನು ವಾದ್ಯದವರನ್ನು ಗೊತ್ತುಮಾಡುವ ಮೊದಲೇ ನಿರ್ಧರಿಸಬೇಕು. ಮೇಳ ಶ್ರುತಿ ಮಾಡಿಕೊಳ್ಳುವ ಸ್ವರ ಇಂದು 440 ಹರ್ಟ್ಸ್; ಅದಕ್ಕಿಂತ 415 ಅರ್ಧ ಸ್ವರ ಕೆಳಗೆ, 392 ಒಂದು ಪೂರ್ತಿ ಸ್ವರ ಕೆಳಗೆ. ಪಿಟೀಲನ್ನು ಇಳಿಸಬಹುದು, 415ಕ್ಕೆ ಮಾಡಿದ ಓಬೋವನ್ನು 430ಕ್ಕೆ ಎಳೆಯಲಾಗದು. ಫ್ರೆಂಚ್ ಸಂಗೀತದಲ್ಲಿ ಓತ್‌ಕೋಂತ್ರ್ ಎಂಬ ಅತಿ ಎತ್ತರದ ಗಂಡುದನಿಯಿದೆ. ಫ್ರೆಂಚ್ ರಚನಕಾರ ರಾಮೊನ ಹಾಸ್ಯ ಒಪೆರಾ ‘ಪ್ಲಾತೆ’ಯಲ್ಲಿ (ವರ್ಸೈ, 1745) ಜೌಗಿನ ಅಪ್ಸರೆಯ ನಗೆಪಾತ್ರವನ್ನು ಹಾಡುವುದು ಈ ದನಿಯ ಗಂಡಸೇ. ಅಂಥ ಪಾತ್ರವನ್ನು 440ರಲ್ಲಿ ಹಾಡಿಸಿದರೆ ಕಿರುಚಾಟವಾಗುತ್ತದೆ, ಕೆಳಶ್ರುತಿಯಲ್ಲಿ ಮಾತಿನಷ್ಟು ಸಲೀಸು.

ಮಾತನ್ನು ಕತ್ತರಿಸಬಹುದು, ಕತ್ತರಿಸಲೇಬೇಕು. ಆದರೆ ಮಾತಿನ ನಡುವಿನಿಂದ ತೆಗೆಯಿರಿ; ಹಾಡಿಗೆ ಎಡೆಮಾಡಿಕೊಡುವ ಕೊನೆಯ ಸಾಲನ್ನು ಮುಟ್ಟಬೇಡಿ. ಆ ಸಾಲು ಹೋದರೆ ಹಾಡು ಯಾಕೆ ಶುರುವಾಯಿತೆಂದೇ ತಿಳಿಯುವುದಿಲ್ಲ. ಗಾಯಕರು ಹಾಡಿ ಮುಗಿಸಿದ ಗಂಟಲಿನಲ್ಲೇ ಮಾತಾಡಿ ಪ್ರತಿ ಸಾಲನ್ನೂ ಭಾಷಣ ಮಾಡುವುದು ಮಾಮೂಲಿ ಖಾಯಿಲೆ. ಮರದ ಸಣ್ಣ ಸಭಾಂಗಣದಲ್ಲಿ ಮಾತು ತಾನೇ ತಲುಪುತ್ತದೆ, ಕೂಗಬೇಕಿಲ್ಲ. ಮೊದಲ ಕೆಲವು ದಿನ ಸಂಗೀತವಿಲ್ಲದೆ ಬರೀ ಮಾತಿನ ತಾಲೀಮು ನಡೆಸಿದರೆ ಅರ್ಧ ವಾಸಿ.

ಪ್ರಶ್ನೆ: ‘ಝೆಮೀರ್’ನಲ್ಲಿ ಮಾಯಾಚಿತ್ರದೊಳಗೆ ತಂದೆ, ಅಕ್ಕಂದಿರು ಹಾಡುವ ದೃಶ್ಯ ಮಾಡುವುದು ಹೇಗೆ? ಗುಡುಗಿಗೆ ರೆಕಾರ್ಡಿಂಗ್ ಸಾಕೆ?

ರಂಗದ ಹಿಂಭಾಗದಲ್ಲಿ ತೆಳು ಜಾಲರಿ ಬಟ್ಟೆಯ ಚೌಕಟ್ಟು ನಿಲ್ಲಿಸುತ್ತಾರೆ. ಮುಂದಿನಿಂದ ಬೆಳಕು ಬಿದ್ದಾಗ ಅದು ಗೋಡೆ; ಮುಂದಿನದನ್ನು ತಗ್ಗಿಸಿ ಹಿಂದೆ ಬೆಳಕು ಏರಿಸಿದರೆ ಒಳಗಿನ ಮೂವರು ಕಾಣುತ್ತಾರೆ. ಜಾಲರಿಗೂ ಅವರಿಗೂ ಕನಿಷ್ಠ ಒಂದೂವರೆ ಮೀಟರ್ ಅಂತರವಿಲ್ಲದಿದ್ದರೆ ಬೆಳಕು ಬಟ್ಟೆಯ ಮೇಲೇ ಚೆಲ್ಲಿ ಗುಟ್ಟು ರಟ್ಟು. ಈ ತ್ರಿಗಾನಕ್ಕೆ ಗಾಳಿವಾದ್ಯಗಳು ನುಡಿಯಬೇಕಾದದ್ದು ಪರದೆಯ ಹಿಂದಿನಿಂದ. ಅವರು ರಂಗದ ಮುಂದಿನ ವಾದ್ಯದ ಜಾಗದಿಂದ (ಪಿಟ್) ಎದ್ದು ಇಕ್ಕಟ್ಟಿನ ಮೆಟ್ಟಿಲು ಹತ್ತಿ ಬರಲು ಹಿಡಿಯುವ ಸಮಯವನ್ನು ಗಡಿಯಾರ ಹಿಡಿದು ಅಳೆಯಿರಿ, ಮತ್ತು ಕಂಡಕ್ಟರನ ಕೈ ಕಾಣಲು ಅಲ್ಲೊಂದು ಮಾನಿಟರ್ ಇಡಿ. ಮಾನಿಟರಿನ ಬೆಳಕು ಸೋರದಂತೆ ಕಪ್ಪು ಬಟ್ಟೆಯ ಮುಸುಕು ಹಾಕಿ.

ಗುಡುಗಿಗೆ ಕಲ್ಲು ತುಂಬಿದ ಮರದ ಪೆಟ್ಟಿಗೆಯನ್ನು ಓರೆ ಮಾಡಿದರೆ ಇಡೀ ಕಟ್ಟಡ ನಡುಗುತ್ತದೆ. ಸ್ಪೀಕರಿಗೆ ಅದು ಆಗದು. ಗಾಳಿಯ ಸದ್ದಿಗೆ ಮರದ ಪಟ್ಟಿಗಳ ಉರುಳೆಯ ಮೇಲೆ ಕ್ಯಾನ್ವಾಸ್ ಹೊದಿಸಿ ಹಿಡಿಕೆ ತಿರುಗಿಸುತ್ತಾರೆ; ವೇಗ ಹೆಚ್ಚಿದಂತೆ ಊಳು ಏರುತ್ತದೆ. ಗ್ರೆಟ್ರಿ ಬಿರುಗಾಳಿಯನ್ನು ಸಂಗೀತದಲ್ಲೇ ಬರೆದಿದ್ದಾನೆ. ನಿಮ್ಮ ಗುಡುಗು ವಾದ್ಯ ನಿಂತ ಕಡೆ ಮಾತ್ರ ಬರಲಿ, ಹಾಡಿನ ಮೇಲಲ್ಲ.

ಪ್ರಶ್ನೆ: ಇಳಿಜಾರು ರಂಗದಿಂದ ನಟರಿಗೇನು ತೊಂದರೆ?

ನೂರು ಸೆಂಟಿಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಇಳಿಜಾರು ಸಾಮಾನ್ಯ. ಮೇಜಿನ ಹಿಂಗಾಲು ಅಷ್ಟಕ್ಕೆ ಕತ್ತರಿಸಬೇಕು, ಗಾಲಿಯಿರುವ ಯಾವುದನ್ನೂ ತರಬಾರದು. ತಾಲೀಮು ಬೇರೆಡೆ ನಡೆಯುವುದಾದರೆ ಅಲ್ಲಿಯೂ ಅದೇ ಓರೆಯ ಹಲಗೆ ಹಾಸಿ, ಇಲ್ಲವಾದರೆ ಅರಮನೆಗೆ ಬಂದ ಮೊದಲ ದಿನವೇ ಎಲ್ಲರ ಕಾಲುನೋವು. ಚೂಪು ಹಿಮ್ಮಡಿ ಸೀಳಿಗೆ ಸಿಕ್ಕುತ್ತದೆ. ಅಗಲ ಹಿಮ್ಮಡಿಯೇ ಇರಲಿ. ಇನ್ನೊಂದು: ಹಿಂದೆ ಹೋದಂತೆ ವಿಂಗ್‌ಗಳ ಎತ್ತರ ಕುಗ್ಗುತ್ತದೆ. ಗಾಯಕಿ ಕೊನೆಯ ವಿಂಗ್ ಹತ್ತಿರ ನಿಂತರೆ ಚಿತ್ರದ ಬಾಗಿಲಿಗಿಂತ ಎತ್ತರ ಕಾಣುತ್ತಾಳೆ. ಅಭಿನಯವೆಲ್ಲ ಮುಂದಿನ ಮೂರನೇ ಒಂದು ಭಾಗದಲ್ಲಿ ನಡೆಯಲಿ.

ಪ್ರಶ್ನೆ: ಟಿಕೆಟ್‌ಗೆ ಅಷ್ಟು ಬೇಡಿಕೆಯಿದ್ದರೂ ಹೆಚ್ಚು ಜನರನ್ನು ಬಿಡುವುದಿಲ್ಲ, ಯಾಕೆ?

ಬೆಂಕಿಯ ನಿಯಮ ಒಂದು ಕಾರಣ, ಉಸಿರು ಇನ್ನೊಂದು. ಸುಮ್ಮನೆ ಕೂತ ಒಬ್ಬ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರಾವಿ ಬಿಡುತ್ತಾನೆ, ಜೊತೆಗೆ ನೂರು ವಾಟ್‌ನಷ್ಟು ಶಾಖ. ನಾನೂರು ಮಂದಿ ಎರಡು ಗಂಟೆ ಕೂತರೆ ನಲವತ್ತು ಲೀಟರ್ ನೀರು ಗಾಳಿ ಸೇರಿತು. ಮರ ಹಿಗ್ಗುತ್ತದೆ, ಎಲ್ಲರೂ ಹೊರಟ ಮೇಲೆ ಕುಗ್ಗುತ್ತದೆ, ಮೇಲಿನ ಬಣ್ಣದ ಪದರ ಅದರ ಜೊತೆ ಹೆಜ್ಜೆ ಹಾಕಲಾರದೆ ಬಿರಿಯುತ್ತದೆ. ಪಿಟೀಲಿನ ಕರುಳಿನ ತಂತಿಗಳೂ ಕೀಲಿಮಣೆಯ ಹಾರ್ಪ್ಸಿಕಾರ್ಡಿನ ಲೋಹದ ತಂತಿಗಳೂ ಶ್ರುತಿ ಬಿಡುತ್ತವೆ. ಅದಕ್ಕೇ ಹಾರ್ಪ್ಸಿಕಾರ್ಡನ್ನು ದೀಪಗಳೆಲ್ಲ ಉರಿಯತೊಡಗಿದ ಮೇಲೆ ಶ್ರುತಿ ಮಾಡಿ, ವಿರಾಮದಲ್ಲಿ ಮತ್ತೊಮ್ಮೆ ಮಾಡುತ್ತಾರೆ. ವರ್ಸೈ ಆವರಣದ ತ್ರಿಯನೊನ್‌ನಲ್ಲಿ ರಾಣಿ ಮರೀ ಆಂತ್ವಾನೆತ್ ಸ್ವತಃ ನಟಿಸಿದ, 1780ರ ಪುಟ್ಟ ರಂಗಮಂದಿರದ ಅಲಂಕಾರದಲ್ಲಿ ಬಹುಪಾಲು ಕಾಗದದ ರೊಟ್ಟಿನದು. ಇಂಥ ಹಿಗ್ಗು-ಕುಗ್ಗನ್ನು ಅದು ತಾಳದು. ವರ್ಸೈಗೆ ಹೋದವರು ಒಪೆರಾ ಕೇಳಬೇಕಾದದ್ದು 1770ರ ದೊಡ್ಡ ಭವನದಲ್ಲಿ.