ಬ್ರಸಾಯ್ ಯಾರು? 1930ರ ಸುಮಾರಿಗೆ ಪ್ಯಾರಿಸ್‌ನ ರಾತ್ರಿಯನ್ನು ಹೇಗೆ ಸೆರೆಹಿಡಿದರು?

ಬ್ರಸಾಯ್ ಪ್ಯಾರಿಸ್‌ನ ರಾತ್ರಿಯ ಫೋಟೋಗಳಿಗೆ ಹೆಸರಾದ ಛಾಯಾಗ್ರಾಹಕ. ನಿಜ ಹೆಸರು ಜೂಲಾ ಹಲಾಸ್. ಹುಟ್ಟಿದ್ದು 1899ರಲ್ಲಿ, ಆಗ ಹಂಗೇರಿಯಲ್ಲಿದ್ದ, ಈಗ ರೊಮೇನಿಯಾಕ್ಕೆ ಸೇರಿದ ಬ್ರಾಶೋವ್‌ನಲ್ಲಿ. 1924ರಲ್ಲಿ ಪ್ಯಾರಿಸ್‌ಗೆ ಬಂದು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದರು. ಕ್ಯಾಮೆರಾ ಹಿಡಿದದ್ದು ಆಮೇಲೆ.

ಆಗ ಫಿಲ್ಮ್‌ನಂತೆ ಬಳಸುತ್ತಿದ್ದ ಗಾಜಿನ ಪ್ಲೇಟುಗಳಿಗೆ ಬೆಳಕು ಜಾಸ್ತಿ ಬೇಕಿತ್ತು. ಹಾಗಾಗಿ ಸ್ಟ್ಯಾಂಡ್ ಮೇಲೆ ಫೋಕ್ಟ್‌ಲೆಂಡರ್ ಕ್ಯಾಮೆರಾ ಇಟ್ಟು, ಷಟರ್ ತೆರೆದು ನಿಮಿಷಗಟ್ಟಲೆ ಕಾಯುತ್ತಿದ್ದರು. ಸಮಯ ಅಳೆಯಲು ಏನು ಗೊತ್ತಾ? ಸಿಗರೇಟು! ಒಂದು ಸಿಗರೇಟು ಸೇದಿ ಮುಗಿಯುವಷ್ಟು ಹೊತ್ತು ಷಟರ್ ತೆರೆದಿರುತ್ತಿತ್ತು. ಸ್ವಲ್ಪ ಬೆಳಕಿದ್ದರೆ ಗೋಲ್ವಾಜ್ ಬ್ರ್ಯಾಂಡ್, ಕತ್ತಲೆ ಜಾಸ್ತಿಯಿದ್ದರೆ ದಪ್ಪನೆಯ ಬೋಯಾರ್. ಮಳೆ, ಮಂಜು ಬಂದರೆ ಅನುಕೂಲ. ಒದ್ದೆ ಕಲ್ಲುಹಾಸು ದೀಪವನ್ನು ಪ್ರತಿಫಲಿಸುತ್ತದೆ, ಮಂಜು ಬೆಳಕನ್ನು ಮೆತ್ತಗೆ ಹರಡುತ್ತದೆ. ಬೀದಿದೀಪ ನೇರವಾಗಿ ಲೆನ್ಸಿಗೆ ಹೊಡೆಯದಂತೆ ಅದನ್ನು ಮರದ ಮರೆಗೆ ಬರುವ ಹಾಗೆ ನೋಡಿಕೊಳ್ಳುತ್ತಿದ್ದರು.

ಬಾರ್, ಡ್ಯಾನ್ಸ್ ಹಾಲ್‌ಗಳ ಒಳಗೆ ಮಾತ್ರ ಮೆಗ್ನೀಷಿಯಂ ಪುಡಿಯ ಫ್ಲ್ಯಾಶ್. ಅಷ್ಟು ದೊಡ್ಡ ಹೊಗೆ, ಬೆಳಕಿನ ನಡುವೆ ಕದ್ದು ಫೋಟೋ ತೆಗೆಯೋಕೆ ಆಗಲ್ಲ, ಅಲ್ವಾ? ಜನರ ಸ್ನೇಹ ಸಂಪಾದಿಸಿ, ಒಪ್ಪಿಸಿ, ಕೆಲವೊಮ್ಮೆ ಪೋಸ್ ಕೊಡಿಸಿಯೇ ತೆಗೆದರು. ನನ್ನ ಪ್ರಕಾರ ಅದರಿಂದ ಚಿತ್ರಗಳ ಬೆಲೆಯೇನೂ ಕಮ್ಮಿಯಾಗಿಲ್ಲ.

1932ರ ಕೊನೆಗೆ ಬಂದ 'ಪಾರಿ ದ ನ್ವಿ' (ರಾತ್ರಿಯ ಪ್ಯಾರಿಸ್) ಪುಸ್ತಕ ಹೆಸರು ತಂದಿತು. ವೇಶ್ಯಾಗೃಹ, ರೌಡಿಗಳ ಲೋಕದ ದಿಟ್ಟ ಚಿತ್ರಗಳು ಪುಸ್ತಕವಾಗಿದ್ದು 1976ರಲ್ಲಿ. ಅವರು 1984ರಲ್ಲಿ ತೀರಿಕೊಂಡರು.