ಡೀಸೆಲ್ ಟ್ರಕ್‌ಗೆ ಸಿಂಥೆಟಿಕ್ ಆಯಿಲ್ ಹಾಕಬೇಕಾ, ಮಾಮೂಲಿ ಆಯಿಲ್ ಸಾಕಾ?

ಸಾಧಾರಣ ಓಡಾಟವಿದ್ದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುತ್ತೀರಾದರೆ ಮಾಮೂಲಿ ಮಿನರಲ್ ಆಯಿಲ್ ಸಾಕು. ಕೊರೆಯುವ ಚಳಿ, ಜಾಸ್ತಿ ಲೋಡು, ಉದ್ದನೆಯ ಏರುದಾರಿ ಇದ್ದರೆ ಸಿಂಥೆಟಿಕ್‌ಗೆ ಕೊಡುವ ಹೆಚ್ಚಿನ ಹಣ ದಂಡವಲ್ಲ.

ಕಾರಣ ಆಯಿಲ್‌ನ ಅಣುಗಳಲ್ಲಿದೆ. ಸಿಂಥೆಟಿಕ್‌ನಲ್ಲಿ ಅವು ಹೆಚ್ಚುಕಮ್ಮಿ ಒಂದೇ ತರಹದವು, ಮೇಣದ ಅಂಶ ತೀರಾ ಕಡಿಮೆ. ಹಾಗಾಗಿ ಚಳಿಯಲ್ಲಿ ಬೆಳಗ್ಗೆ ಎಂಜಿನ್ ಶುರು ಮಾಡಿದಾಗ ಅದು ಜೇನುತುಪ್ಪದ ಹಾಗೆ ಮಂದವಾಗಿರದೆ ಬೇರಿಂಗ್‌ಗಳಿಗೆ ಬೇಗ ತಲುಪುತ್ತದೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಚೆನ್ನಾಗಿ ಕಾದಾಗಲೂ ಸುಲಭಕ್ಕೆ ಸುಟ್ಟು ಕರಿ ಕಟ್ಟುವುದಿಲ್ಲ.

ಆದರೆ ಇದಕ್ಕಿಂತ ಮುಖ್ಯ ಡಬ್ಬದ ಮೇಲಿನ ದರ್ಜೆ. ಮ್ಯಾನ್ಯುಯಲ್‌ನಲ್ಲಿ ಸಿಕೆ-4 (ಡೀಸೆಲ್ ಎಂಜಿನ್ ಆಯಿಲ್‌ನ ಒಂದು ದರ್ಜೆ) ಅಂತಿದ್ದರೆ ಅದನ್ನೇ ಹಾಕಿ. ಸಿಂಥೆಟಿಕ್ ಇದೆ ಅಂತ ಸುಮ್ನೆ ಆಯಿಲ್ ಬದಲಿಸುವ ಕಿಲೋಮೀಟರ್ ಎಳೆಯಬೇಡಿ. ಡೀಸೆಲ್ ಮಸಿ ಎರಡಕ್ಕೂ ಸೇರುತ್ತದೆ ಅಲ್ವಾ?