ಎಂಟು ಗ್ರಹಗಳಿಗೂ ಸಮಪಾಲು ಬೇಡ

ನಮಸ್ಕಾರ.

ನೀವು ಕಳಿಸಿದ ‘ನಮ್ಮ ಸೌರವ್ಯೂಹದ ಗ್ರಹಗಳು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಆದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಬುಧನಿಂದ ನೆಪ್ಚೂನ್‌ವರೆಗೆ ಒಂದೊಂದು ಗ್ರಹಕ್ಕೂ ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ಎಲ್ಲದರಲ್ಲೂ ಅದೇ ಕ್ರಮ: ಸೂರ್ಯನಿಂದ ದೂರ, ವ್ಯಾಸ, ಒಂದು ಸುತ್ತಿಗೆ ಹಿಡಿಯುವ ಕಾಲ, ಉಪಗ್ರಹಗಳ ಸಂಖ್ಯೆ. ಮೂರನೆಯ ಪ್ಯಾರಾ ಮುಟ್ಟುವಷ್ಟರಲ್ಲಿ ಮುಂದೇನು ಬರುತ್ತದೆಂದು ಓದುಗರಿಗೆ ಗೊತ್ತಾಗಿಬಿಡುತ್ತದೆ. ಆ ಅಂಕಿಗಳನ್ನೆಲ್ಲ ಒಂದು ಕೋಷ್ಟಕಕ್ಕೆ ಸೇರಿಸಿ. ಯಾಕೆ ಹೀಗೆ, ಅದು ನಮಗೆ ಗೊತ್ತಾದದ್ದು ಹೇಗೆ ಎಂಬುದನ್ನು ಲೇಖನದಲ್ಲಿ ಹೇಳಿ.

ಶುಕ್ರನನ್ನೇ ತೆಗೆದುಕೊಳ್ಳಿ. ‘ಅತ್ಯಂತ ಬಿಸಿಯಾದ ಗ್ರಹ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಸೂರ್ಯನಿಗೆ ತೀರಾ ಹತ್ತಿರ ಇರುವವನು ಬುಧ, ಅವನೇ ಹೆಚ್ಚು ಕಾಯಬೇಕಲ್ಲವೇ ಎಂದು ಓದುಗರು ಕೇಳುವುದು ಅಲ್ಲೇ. ಬುಧನಿಗೆ ಹೇಳಿಕೊಳ್ಳುವಂಥ ವಾತಾವರಣವಿಲ್ಲ. ಹಗಲು ಸುಮಾರು 430 ಡಿಗ್ರಿ ಸೆಲ್ಸಿಯಸ್‌ಗೆ ಏರುವ ನೆಲ ರಾತ್ರಿ ಮೈನಸ್ 180ಕ್ಕೆ ಇಳಿಯುತ್ತದೆ. ಶುಕ್ರನ ಮೇಲಾದರೋ ದಟ್ಟವಾದ ಇಂಗಾಲದ ಡೈಆಕ್ಸೈಡ್. ಒಳಗಿನ ಶಾಖವನ್ನು ಅದು ಸುಲಭಕ್ಕೆ ಹೊರಗೆ ಬಿಡುವುದಿಲ್ಲ. ಹಾಗಾಗಿ ಹಗಲಿರಲಿ ರಾತ್ರಿಯಿರಲಿ, ಸುಮಾರು 465 ಡಿಗ್ರಿ, ಸೀಸ ಕರಗುವಷ್ಟು. ನೆಲದ ಮೇಲಿನ ಒತ್ತಡ ಭೂಮಿಯಲ್ಲಿರುವುದರ 90 ಪಟ್ಟಿಗೂ ಹೆಚ್ಚು. 1982ರಲ್ಲಿ ಸೋವಿಯತ್ ಒಕ್ಕೂಟದ ವೆನೆರಾ-13 ನೌಕೆ ಅಲ್ಲಿಳಿದು, ಬಣ್ಣದ ಚಿತ್ರಗಳನ್ನು ಕಳಿಸಿ, 127 ನಿಮಿಷ ಬಾಳಿತು. ಅದನ್ನು ರೂಪಿಸಿದ್ದು ಬರೀ 32 ನಿಮಿಷ ಬಾಳಲೆಂದು! ಇಷ್ಟೆಲ್ಲ ಇರುವಾಗ ಒಂದು ಸಾಲು ಸಾಕೇ?

ನೆಪ್ಚೂನ್‌ಗೂ ಇದೇ ಅನ್ಯಾಯವಾಗಿದೆ. ‘1846ರಲ್ಲಿ ಪತ್ತೆಯಾಯಿತು’ ಎಂದಷ್ಟೇ ಇದೆ. 1781ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಯುರೇನಸ್, ಲೆಕ್ಕ ಹಾಕಿದ ದಾರಿಯಲ್ಲಿ ಸಾಗುತ್ತಿರಲಿಲ್ಲ. ಅದನ್ನು ಎಳೆಯುತ್ತಿರುವ ಇನ್ನೊಂದು ಗ್ರಹ ಎಲ್ಲಿರಬೇಕೆಂದು ಫ್ರಾನ್ಸಿನ ಲೆ ವೆರಿಯೆ ಗಣಿತದಿಂದ ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯಕ್ಕೆ ಪತ್ರ ಬರೆದರು. ಪತ್ರ ತಲುಪಿದ ರಾತ್ರಿಯೇ, ಸೆಪ್ಟೆಂಬರ್ 23ರಂದು, ಅಲ್ಲಿನ ಖಗೋಳಜ್ಞ ಗಾಲೆ ದೂರದರ್ಶಕ ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಗ್ರಹ ಸಿಕ್ಕಿತು. ಓದುವವರ ಎದೆ ಬಡಿತ ಹೆಚ್ಚಿಸುವ ಇಂಥ ಪ್ರಸಂಗವನ್ನು ಬಿಟ್ಟು, ನೆಪ್ಚೂನಿನ ವ್ಯಾಸವನ್ನು ಕಿಲೋಮೀಟರಿನ ಕೊನೆಯ ಅಂಕಿವರೆಗೆ ಕೊಡುವುದರಿಂದ ಏನು ಪ್ರಯೋಜನ?

ಕೆಲವು ತಪ್ಪುಗಳಿವೆ. ಉಂಗುರಗಳು ಶನಿಗೆ ಮಾತ್ರವಲ್ಲ. ಗುರು, ಯುರೇನಸ್, ನೆಪ್ಚೂನ್‌ಗಳಿಗೂ ಇವೆ, ಮಸುಕಾಗಿ. ಶನಿಗೆ 82 ಉಪಗ್ರಹ ಎಂಬುದು ಹಳೆಯ ಲೆಕ್ಕ. 2025ರಲ್ಲಿ ಅದು 274ಕ್ಕೆ ಏರಿತು. ಇಂಥ ಸಂಖ್ಯೆಯ ಪಕ್ಕ ಇಸವಿ ಹಾಕಿ. ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಪಟ್ಟಿಯಿಂದ ‘ತೆಗೆದುಹಾಕಿದರು’ ಎಂದಿದ್ದೀರಿ, ಕಾರಣ ಕೊಟ್ಟಿಲ್ಲ. ತನ್ನ ಕಕ್ಷೆಯ ಆಸುಪಾಸನ್ನು ಇತರ ಕಾಯಗಳಿಂದ ತೆರವುಗೊಳಿಸಿರಬೇಕೆಂಬ ನಿಯಮಕ್ಕೆ ಅದು ಹೊಂದಲಿಲ್ಲ, ಅಷ್ಟೇ. ‘ಅದ್ಭುತ’, ‘ವಿಸ್ಮಯಕಾರಿ’, ‘ನಿಗೂಢ’ ಪದಗಳನ್ನೆಲ್ಲ ದಯವಿಟ್ಟು ಹೊಡೆದುಹಾಕಿ. ವಿಷಯವೇ ಆ ಕೆಲಸ ಮಾಡುತ್ತದೆ.

ಮಂಗಳದ ಪ್ಯಾರಾದಲ್ಲಿ ಮಾತ್ರ ನೀವು ನಿಜವಾಗಿ ಬರೆದಿದ್ದೀರಿ. ಅಲ್ಲಿ ಸೂರ್ಯ ಮುಳುಗುವಾಗ ಅವನ ಸುತ್ತಲಿನ ಆಕಾಶ ನೀಲಿಯಾಗುತ್ತದೆ, ಅದಕ್ಕೆ ನವಿರಾದ ಧೂಳು ಕಾರಣ ಎಂದು ನಿಮ್ಮದೇ ಮಾತಿನಲ್ಲಿ ಹೇಳಿದ್ದೀರಿ. ಆ ಪ್ಯಾರಾ ಓದಿದ ಮೇಲೆಯೇ ನಿಮಗೆ ಇಷ್ಟು ಉದ್ದದ ಪತ್ರ ಬರೆಯಬೇಕೆಂದು ನನಗನಿಸಿತು.

ಆ ಸೂರ್ಯಾಸ್ತದಿಂದಲೇ ಲೇಖನ ಶುರುಮಾಡಿ. ಶುಕ್ರ, ನೆಪ್ಚೂನ್‌ಗಳಿಗೆ ಧಾರಾಳವಾಗಿ ಜಾಗ ಕೊಡಿ, ಉಳಿದವು ಎರಡು ಮೂರು ಸಾಲಿನಲ್ಲಿ ಮುಗಿಯಲಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ, ಖಂಡಿತ ಓದುತ್ತೇನೆ.